ಹಾರ್ಟ್ ಅಟ್ಯಾಕು ಸಾಹುಕಾರರ ಸ್ವತ್ತಲ್ಲ! ಆಟೋ ಸ್ಟ್ಯಾಂಡಿಗೂ ಬಂತು, ಅಂಗಡಿ ಗಲ್ಲಾಕ್ಕೂ ಬಂತು

ಹಾಸನ: ಒಂದು ಕಾಲವಿತ್ತು. ಊರಿನಲ್ಲಿ ಯಾರಿಗೋ 'ಹಾರ್ಟ್ ಅಟ್ಯಾಕ್ ಆಯ್ತಂತೆ' ಎಂಬ ಸುದ್ದಿ ಬಂದರೆ ಅದು ಯಾರಿಗೆ ಎಂದು ಊಹಿಸುವುದು ಕಷ್ಟವಿರಲಿಲ್ಲ. ರೈಸ್ ಮಿಲ್ಲಿನ ಮಾಲೀಕರಿರಬೇಕು, ಇಲ್ಲವೇ ಸಕಲೇಶಪುರದ ಕಡೆಯ ತೋಟದ ಸಾಹುಕಾರರಿರಬೇಕು, ಅದೂ ಅಲ್ಲದಿದ್ದರೆ ರಿಟೈರಾದ ದೊಡ್ಡ ಸಾಹೇಬರು. ತುಪ್ಪ ಉಂಡು, ಕಾರಿನಲ್ಲಿ ಓಡಾಡಿ, ಮೈಯಲ್ಲಿ ಬೆವರು ಕಾಣದವರಿಗೆ ಬರುವ ಕಾಯಿಲೆ ಅದು. ಮೂಟೆ ಹೊರುವ ಹಮಾಲಿಗೆ, ಆಟೋ ಓಡಿಸುವವನಿಗೆ, ಬೆಳಗಿನ ಐದಕ್ಕೇ ಶಟರ್ ಎತ್ತುವ ಟೀ ಅಂಗಡಿಯವನಿಗೆ ಅದೆಲ್ಲ ಎಲ್ಲಿಂದ ಬರಬೇಕು, ದುಡಿಯೋ ಮೈ ಕಣ್ರೀ ಅದು, ಎನ್ನುವುದು ಮಹಾವೀರ ವೃತ್ತದಿಂದ ಕಟ್ಟಿನಕೆರೆ ಮಾರ್ಕೆಟ್‌ವರೆಗೆ ಎಲ್ಲರ ಬಾಯಲ್ಲೂ ಇದ್ದ ಮಾತು.

ಆ ಮಾತಿಗೆ ಬರೆ ಎಳೆದದ್ದು 2025ರ ಮೇ ಮತ್ತು ಜೂನ್ ತಿಂಗಳು.

ಆ ಎರಡು ತಿಂಗಳಲ್ಲಿ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಹಠಾತ್ ಸಾವುಗಳಾದವು. ಟೀವಿಯವರು ದಿನಕ್ಕೊಂದು ಲೆಕ್ಕ ಹಾಕಿದರು. ಜನ ಹೆದರಿದರು. ಹೆದರಿದ ಜನ ಬಸ್ಸು ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಕ್ಯೂ ನಿಂತರು. ಎದೆ ನೋವಿದ್ದವರೂ ನಿಂತರು, ಏನೂ ಇಲ್ಲದವರೂ ನಿಂತರು. ಸುಮ್ಮನೆ ಭಯಬಿದ್ದು ಹೀಗೆ ನುಗ್ಗಿದರೆ ನಿಜವಾದ ರೋಗಿಗಳಿಗೆ ತೊಂದರೆ ಆಗುತ್ತೆ ಎಂದು ಆಸ್ಪತ್ರೆಯವರೇ ಕೈಮುಗಿಯಬೇಕಾಯಿತು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಸುದ್ದಿಯಾದ 24 ಸಾವುಗಳಲ್ಲಿ 20 ಮಾತ್ರ ಹೃದಯಕ್ಕೆ ಸಂಬಂಧಪಟ್ಟದ್ದು, ಉಳಿದ ನಾಲ್ಕು ಬೇರೆ ಬೇರೆ ಕಾರಣದ್ದು ಎಂದಿತು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಹಾಸನದಲ್ಲಿ ವಿಶೇಷವಾಗಿ ಏರಿದ್ದೇನೂ ಇಲ್ಲ ಎಂದೂ ಹೇಳಿತು. ಅಂದರೆ ಈ ಸಾವುಗಳು ಮೊದಲೂ ಆಗುತ್ತಿದ್ದವು, ಯಾರೂ ಎಣಿಸುತ್ತಿರಲಿಲ್ಲ ಅಷ್ಟೆ. ಇದು ಸಮಾಧಾನದ ಮಾತೋ, ಗಾಬರಿಯ ಮಾತೋ, ಓದುಗರೇ ತೀರ್ಮಾನಿಸಲಿ.

ಆದರೆ ವರದಿ ಬಂದ ದಿನ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಹೇಳಿದ ಇನ್ನೊಂದು ಮಾತು ಗದ್ದಲದಲ್ಲಿ ಕಳೆದುಹೋಯಿತು. ಸತ್ತವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಆಟೋ ಮತ್ತು ಕ್ಯಾಬ್ ಓಡಿಸುವವರು! ತುಪ್ಪ ಉಂಡವರಲ್ಲ, ತೋಟದ ದಣಿಗಳಲ್ಲ. ಬೆಳಿಗ್ಗೆ ಸ್ಟ್ಯಾಂಡಿಗೆ ಬಂದು ರಾತ್ರಿ ಗ್ಯಾಸ್ ತುಂಬಿಸಿ ಮನೆಗೆ ಹೋಗುವವರು.

ಜನ ಲಸಿಕೆಯ ಬಗ್ಗೆ ಮಾತಾಡಿದರು, ನೀರಿನ ಬಗ್ಗೆ ಮಾತಾಡಿದರು, ಹಾಸನದ ಮಣ್ಣಿನ ಬಗ್ಗೆ ಕೂಡ ಮಾತಾಡಿದರು. ಜೇಬಿನ ಬಗ್ಗೆ ಮಾತಾಡಿದವರು ಕಡಿಮೆ.

ಜವಾನನಿಗೆ ಮೂರು ಪಾಲು, ಸಾಹೇಬರಿಗೆ ಒಂದು ಪಾಲು

ಜೇಬಿಗೂ ಎದೆಗೂ ಸಂಬಂಧ ಇದೆಯೇ ಎಂಬುದನ್ನು ಸರಿಯಾಗಿ ಲೆಕ್ಕ ಹಾಕಿ ತೋರಿಸಿದ್ದು ಲಂಡನ್ನಿನ ಸರ್ಕಾರಿ ಕಚೇರಿಗಳು. ನಮ್ಮಲ್ಲಿ ವಿಧಾನಸೌಧ ಎಂದ ಹಾಗೆ ಅಲ್ಲಿ ವೈಟ್‌ಹಾಲ್ ಎನ್ನುತ್ತಾರೆ. 1967ರಲ್ಲಿ ಅಲ್ಲಿನ ಗಂಡು ನೌಕರರ ಬಿ.ಪಿ., ಕೊಲೆಸ್ಟ್ರಾಲು, ತೂಕ, ಸಿಗರೇಟು ಎಲ್ಲ ಬರೆದಿಟ್ಟುಕೊಳ್ಳಲು ಶುರುಮಾಡಿ ಏಳೆಂಟು ವರ್ಷ ಕಾದರು. ಡಾ. ಮೈಕೆಲ್ ಮಾರ್ಮಟ್ ಮತ್ತು ಜೊತೆಗಾರರು 1978ರಲ್ಲಿ ಅಚ್ಚು ಹಾಕಿಸಿದ ಲೆಕ್ಕದಲ್ಲಿ 17,530 ನೌಕರರಿದ್ದರು.

ಎಲ್ಲರೂ ಅಂದುಕೊಂಡಿದ್ದೇನು? ದೊಡ್ಡ ಸಾಹೇಬರಿಗೇ ಟೆನ್ಶನ್ ಜಾಸ್ತಿ. ಫೈಲು, ಮೀಟಿಂಗು, ಮಂತ್ರಿಗಳ ಕಾಟ. ಅಟ್ಯಾಕ್ ಆಗುವುದಾದರೆ ಅವರಿಗೇ ಆಗಬೇಕು. ಬಾಗಿಲಲ್ಲಿ ಕೂತ ಜವಾನನಿಗೆ ಎಂಥ ಟೆನ್ಶನ್ನು?

ಲೆಕ್ಕ ತಿರುಗಾಮುರುಗಾ ಬಂತು. ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ತಳದ ದರ್ಜೆಯ ಜವಾನರಲ್ಲಿ ಮೂರೂವರೆ ಪಟ್ಟು ಹೆಚ್ಚು. ಅದೂ ಮೇಲಿನವರಿಗೂ ಕೆಳಗಿನವರಿಗೂ ಮಾತ್ರದ ವ್ಯತ್ಯಾಸ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಅಧಿಕಾರಿಗಿಂತ ಗುಮಾಸ್ತನಿಗೆ ಹೆಚ್ಚು, ಗುಮಾಸ್ತನಿಗಿಂತ ಜವಾನನಿಗೆ ಹೆಚ್ಚು. ಇವರಲ್ಲಿ ಯಾರೂ ಉಪವಾಸ ಬಿದ್ದವರಲ್ಲ ಎಂಬುದನ್ನು ಗಮನಿಸಬೇಕು. ಎಲ್ಲರಿಗೂ ತಿಂಗಳ ಸಂಬಳ, ಎಲ್ಲರಿಗೂ ಪೆನ್ಷನ್, ಅಲ್ಲಿ ಡಾಕ್ಟರ ಖರ್ಚೂ ಸರ್ಕಾರದ್ದೇ.

ಜವಾನರು ಸಿಗರೇಟು ಜಾಸ್ತಿ ಸೇದುತ್ತಿದ್ದರು, ನಿಜ. ಅದನ್ನೂ ಬಿ.ಪಿ.ಯನ್ನೂ ಉಳಿದ ಎಲ್ಲವನ್ನೂ ಕಳೆದು ನೋಡಿದರು. ಆಗಲೂ ಅರ್ಧಕ್ಕಿಂತ ಹೆಚ್ಚು ವ್ಯತ್ಯಾಸ ಹಾಗೆಯೇ ಉಳಿಯಿತು. ಅದು ಎಲ್ಲಿಂದ ಬಂತು? 1985ರಲ್ಲಿ ಹೆಂಗಸರನ್ನೂ ಸೇರಿಸಿ ಇನ್ನೂ ಹತ್ತು ಸಾವಿರ ಚಿಲ್ಲರೆ ನೌಕರರನ್ನು ಹಿಡಿದು ಎರಡನೇ ಸಲ ಶುರುಮಾಡಿದರು. ಸಿಕ್ಕ ಉತ್ತರಗಳಲ್ಲಿ ಒಂದು ನಮ್ಮ ಓದುಗರಿಗೆ ಚೆನ್ನಾಗಿ ಅರ್ಥವಾಗುವಂಥದ್ದು: ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದು. ಯಾವಾಗ ಬರಬೇಕು, ಯಾವಾಗ ಹೋಗಬೇಕು, ಯಾವುದನ್ನು ಮೊದಲು ಮಾಡಬೇಕು ಎಲ್ಲವೂ ಇನ್ನೊಬ್ಬರ ಬಾಯಲ್ಲಿ. ಸಾಹೇಬರಿಗೆ ಕೆಲಸ ಹೆಚ್ಚು, ಒಪ್ಪಬೇಕು. ಆದರೆ ಸುಸ್ತಾದರೆ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಕಣ್ಣುಮುಚ್ಚುವ ಅಧಿಕಾರವೂ ಅವರಿಗೇ ಇದೆ. ಬೆಲ್ಲು ಹೊಡೆದಾಗ ಓಡಬೇಕಾದವನಿಗೆ ಅದಿಲ್ಲ.

ಡ್ರೈವರಿಗೆ ಬಂತು, ಕಂಡಕ್ಟರಿಗೆ ಬರಲಿಲ್ಲ

ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿರುವವರು ಒಮ್ಮೆ ಮುಂದೆ ನೋಡಿ. ಡ್ರೈವರು ಕೂತಿದ್ದಾರೆ, ಕಂಡಕ್ಟರು ನಿಂತಿದ್ದಾರೆ. ಈ ಒಂದು ಸಂಗತಿಯಿಂದ ದೊಡ್ಡ ಶಾಸ್ತ್ರವೇ ಹುಟ್ಟಿತು.

1953ರಲ್ಲಿ ಜೆರ್ರಿ ಮಾರಿಸ್ ಎಂಬ ಡಾಕ್ಟರು ಲಂಡನ್ ಸಾರಿಗೆಯ ನೌಕರರ ಲೆಕ್ಕ ತೆಗೆದರು. ಅಲ್ಲಿ ಎರಡಂತಸ್ತಿನ ಬಸ್ಸು. ಕಂಡಕ್ಟರು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯಬೇಕು. ಡ್ರೈವರು ಕೂತಲ್ಲೇ ಕೂರಬೇಕು. ಇಬ್ಬರದೂ ಹೆಚ್ಚು ಕಡಿಮೆ ಒಂದೇ ಥರದ ಮನೆ, ಒಂದೇ ಥರದ ಊಟ. ಆದರೂ ಡ್ರೈವರುಗಳಿಗೆ ಹೃದಯದ ಕಾಯಿಲೆ ಹೆಚ್ಚು, ಕಂಡಕ್ಟರುಗಳಿಗೆ ಕಡಿಮೆ. ಬಂದರೂ ಕಂಡಕ್ಟರುಗಳಿಗೆ ತಡವಾಗಿ ಬರುತ್ತಿತ್ತು, ಜೀವ ತೆಗೆಯುವಷ್ಟು ಜೋರಾಗಿ ಬರುವುದೂ ಕಡಿಮೆ. ಮೂರು ವರ್ಷದ ನಂತರ ಮಾರಿಸ್ ಸಾಹೇಬರು ಕಂಪನಿಯ ದರ್ಜಿ ಖಾತೆಗೂ ಕೈಹಾಕಿ ಯೂನಿಫಾರಂ ಪ್ಯಾಂಟಿನ ಅಳತೆ ನೋಡಿದರು. ಡ್ರೈವರುಗಳ ಸೊಂಟ ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದಪ್ಪವಿತ್ತಂತೆ! ಹಾಗಾಗಿ ಎಲ್ಲವನ್ನೂ ಸೀಟಿನ ಮೇಲೇ ಹೊರಿಸುವಂತಿಲ್ಲ ಎಂದು ಅವರೇ ಪ್ರಾಮಾಣಿಕವಾಗಿ ಬರೆದರು.

ಇಲ್ಲೇ 'ದುಡಿಯೋ ಮೈಗೆ ಬರಲ್ಲ' ಎಂಬ ನಮ್ಮ ಮಾತು ಕೈಕೊಡುವುದು. ಆಟೋ ಓಡಿಸುವುದು ದುಡಿಮೆಯೇ ಹೌದು. ಆದರೆ ಅದು ಕೂತ ದುಡಿಮೆ. ಹನ್ನೆರಡು ಗಂಟೆ ಹೊಗೆ ಕುಡಿಯುತ್ತಾ, ಹಾರ್ನು ಕೇಳುತ್ತಾ, ಹೊತ್ತಿಗೆ ಸರಿಯಾದ ಊಟವಿಲ್ಲದೆ, ಟೀ–ಬೀಡಿ–ಗುಟ್ಕಾದಲ್ಲಿ ಹಸಿವು ಮುರಿಯುತ್ತಾ ಮಾಡುವ ದುಡಿಮೆ. ಸಾಹುಕಾರರ ಹಾಗೆ ಮೈ ಅಲುಗುವುದಿಲ್ಲ, ಸಾಹುಕಾರರ ಊಟ–ನಿದ್ದೆ–ವಿಶ್ರಾಂತಿ ಮಾತ್ರ ಇಲ್ಲ. ಎರಡರ ಕೆಟ್ಟದ್ದೂ ಒಬ್ಬನ ಪಾಲಿಗೇ ಬಂದಿದೆ. ಗಲ್ಲಾದ ಮೇಲೆ ಬೆಳಗಿನಿಂದ ರಾತ್ರಿವರೆಗೆ ಕೂರುವ ಅಂಗಡಿಯವರೂ ಇದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಹುದು.

2024ರ ನವೆಂಬರ್‌ನಲ್ಲಿ ನೆಲಮಂಗಲದಿಂದ ದಾಸನಪುರಕ್ಕೆ ಹೊರಟ ಬಿಎಂಟಿಸಿ ಬಸ್ಸಿನಲ್ಲಿ ಏನಾಯಿತು ಎಂಬುದನ್ನು ಮೊಬೈಲಿನಲ್ಲಿ ನೋಡದವರಿಲ್ಲ. ಓಡುತ್ತಿದ್ದ ಬಸ್ಸಿನಲ್ಲೇ ಚಾಲಕರು ಸೀಟಿನಿಂದ ವಾಲಿ ಕುಸಿದರು. ಕಂಡಕ್ಟರು ಹಾರಿ ಹೋಗಿ ಬಸ್ಸು ನಿಲ್ಲಿಸಿದರು. ಪ್ರಯಾಣಿಕರು ಉಳಿದರು, ಚಾಲಕರು ಉಳಿಯಲಿಲ್ಲ. ಸುಮಾರು ನಲವತ್ತರ ವಯಸ್ಸು.

ನಮ್ಮವರಿಗೆ ಈ ಕಾಯಿಲೆ ಬೇಗ ಬರುತ್ತದೆ ಎಂಬುದೂ ಲೆಕ್ಕಕ್ಕೆ ಸಿಕ್ಕಿದೆ. ಮೊದಲ ಅಟ್ಯಾಕ್ ಆಗುವ ಸರಾಸರಿ ವಯಸ್ಸು ಬೇರೆ ಕಡೆ 59 ಹತ್ತಿರವಾದರೆ, ಭಾರತ, ಪಾಕಿಸ್ತಾನ, ಶ್ರೀಲಂಕಾ ಕಡೆಯವರಲ್ಲಿ 53. ಆರು ವರ್ಷ ಮುಂಚೆ. ಮಗಳ ಮದುವೆ ಆಗಿರುವುದಿಲ್ಲ, ಮಗನ ಓದು ಮುಗಿದಿರುವುದಿಲ್ಲ, ಸಂಘದ ಸಾಲ ತೀರಿರುವುದಿಲ್ಲ.

ಮೈಸೂರಿನ ಮಿಷನ್ ಆಸ್ಪತ್ರೆಯ ಹಳೇ ಖಾತೆ

ಬಡತನ ಎದೆಗೆ ಯಾವಾಗಿನಿಂದ ಕೈಹಾಕುತ್ತದೆ? ನಲವತ್ತಕ್ಕೇ? ಮೂವತ್ತಕ್ಕೇ? ಹುಟ್ಟುವುದಕ್ಕೆ ಮುಂಚೆ ಎಂದರೆ ನಂಬುತ್ತೀರಾ?

ಇದಕ್ಕೆ ಸಾಕ್ಷಿ ದೂರದೇಶದ್ದಲ್ಲ, ಪಕ್ಕದ ಮೈಸೂರಿನದೇ. ಅಲ್ಲಿ ಎಲ್ಲರೂ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹಿಂದಿನ ಕಾಲದಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ಬರೆದಿಡುತ್ತಿದ್ದರು. ಆ ಖಾತೆ ಪುಸ್ತಕಗಳನ್ನು ಗೆದ್ದಲು ತಿನ್ನಲು ಬಿಡದೆ ಜೋಪಾನ ಮಾಡಿದ್ದಕ್ಕೆ ಆಸ್ಪತ್ರೆಯವರಿಗೆ ಒಂದು ನಮಸ್ಕಾರ ಹೇಳಬೇಕು. 1934ರಿಂದ 1954ರ ಒಳಗೆ ಅಲ್ಲಿ ಹುಟ್ಟಿದ 517 ಗಂಡಸರು–ಹೆಂಗಸರನ್ನು ಹುಡುಕಿ ತೆಗೆದು, ಅವರ ಹೃದಯ ಪರೀಕ್ಷೆ ಮಾಡಿ, ಹುಟ್ಟಿದಾಗಿನ ತೂಕಕ್ಕೆ ತಾಳೆ ಹಾಕಿದರು. 1996ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ಅದು ಬಂತು.

ಹುಟ್ಟಿದಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕೆ.ಜಿ. ನೂರು ಗ್ರಾಂಗಿಂತ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ಕೂಸೂ ಸಣ್ಣದು, ಬಸುರಿಯಲ್ಲಿ ತಾಯಿಯ ತೂಕವೂ 45 ಕೆ.ಜಿ.ಗೆ ಕಡಿಮೆ ಎಂದಿದ್ದರೆ ನೂರಕ್ಕೆ 20!

ಅವ್ವನ ಹೊಟ್ಟೆಗೆ ಬೀಳದ್ದು ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ಕಾಣಿಸಿಕೊಂಡಿತು. ಹೊಟ್ಟೆಯಲ್ಲಿದ್ದಾಗ ಅರೆಬರೆ ಬೆಳೆದ ಮೈ, ಮುಂದೆ ನಾಲ್ಕು ಕಾಸು ಬಂದು ಊಟ ಹೆಚ್ಚಾದಾಗ ಅದನ್ನು ತಡೆದುಕೊಳ್ಳಲಾರದೆ ಸಕ್ಕರೆ ಕಾಯಿಲೆ, ಬಿ.ಪಿ. ಕಡೆಗೆ ಜಾರುತ್ತದೆ ಎಂಬುದು ಈ ವಿಷಯ ಬಲ್ಲವರ ವಿವರಣೆ. ಹೊಟ್ಟೆ ತುಂಬ ಉಂಡು ಬೆಳೆದ ಮನೆಯವರಿಗಿಂತ, ಕಷ್ಟಪಟ್ಟು ಮೇಲೆ ಬಂದ ಮೊದಲ ತಲೆಮಾರಿನವರೇ ಇದರಲ್ಲಿ ಹೆಚ್ಚು ಸಿಕ್ಕಿಬೀಳುವುದು. ಅಂಗನವಾಡಿಯ ಮೊಟ್ಟೆಗೆ ಲೆಕ್ಕ ಕೇಳುವವರು ಇದನ್ನೂ ಸ್ವಲ್ಪ ಕೇಳಿಕೊಳ್ಳಲಿ.

ಕಾಯಿಲೆ ಒಂದೇ, ಔಷಧಿ ಎರಡು

ಈಗ ವಿಷಯದ ಗಂಟಿಗೆ ಬರೋಣ. ಸಾಹುಕಾರನಿಗೂ ಬಡವನಿಗೂ ಅಟ್ಯಾಕ್ ಆಯಿತು ಅನ್ನಿ. ಯಾರು ಉಳಿಯುತ್ತಾರೆ?

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಝೇವಿಯರ್ ಮತ್ತು ಜೊತೆಗಾರರು ದೇಶದ 89 ಆಸ್ಪತ್ರೆಗಳಿಂದ 20,468 ಹೃದ್ರೋಗಿಗಳ ಲೆಕ್ಕ ಸೇರಿಸಿ 2008ರಲ್ಲಿ ಪ್ರಕಟಿಸಿದರು. 'ಕ್ರಿಯೇಟ್' ಎಂದು ಅದರ ಹೆಸರು. ರೋಗಿಗಳನ್ನು ಸಿರಿವಂತರು, ಮಧ್ಯಮದವರು, ಬಡವರು ಎಂದು ವಿಂಗಡಿಸಿ ನೋಡಿದರು. ಆಸ್ಪತ್ರೆಗೆ ಬಂದ ಸಿರಿವಂತರಲ್ಲಿ ಒಂದು ತಿಂಗಳೊಳಗೆ ತೀರಿಕೊಂಡವರು ಶೇ. 5.5. ಬಡವರಲ್ಲಿ ಶೇ. 8.2.

ಬಡವರು ಕುಡೀತಾರೆ, ಸೇದ್ತಾರೆ, ಅದಕ್ಕೇ ಸಾಯ್ತಾರೆ ಎಂದು ಕೈತೊಳೆದುಕೊಳ್ಳಲು ಆಗದ ಹಾಗೆ ಅವರು ಮುಂದಿನ ಲೆಕ್ಕ ಹಾಕಿದರು. ಬೀಡಿ, ಬಿ.ಪಿ., ಸಕ್ಕರೆ ಎಲ್ಲ ಸರಿದೂಗಿಸಿ ನೋಡಿದಾಗ ವ್ಯತ್ಯಾಸ ಹಾಗೆಯೇ ಇತ್ತು. ಕೊಟ್ಟ ಚಿಕಿತ್ಸೆಯನ್ನು ಸರಿದೂಗಿಸಿದಾಗ ವ್ಯತ್ಯಾಸ ಮಾಯ! ಕನ್ನಡದಲ್ಲಿ ಹೇಳುವುದಾದರೆ, ಬಡವನಿಗೂ ಸಾಹುಕಾರನಿಗೆ ಕೊಟ್ಟ ಔಷಧಿಯನ್ನೇ ಕೊಟ್ಟಿದ್ದರೆ ಇಬ್ಬರೂ ಒಂದೇ ಸಮ ಬದುಕುತ್ತಿದ್ದರು.

ಕೊಡಲಿಲ್ಲ. ರಕ್ತನಾಳಕ್ಕೆ ಬಲೂನು ಬಿಟ್ಟು ಸ್ಟೆಂಟ್ ಹಾಕುವುದು ಸಿರಿವಂತರಲ್ಲಿ ನೂರಕ್ಕೆ 15 ಮಂದಿಗೆ ಆಯಿತು, ಬಡವರಲ್ಲಿ 2 ಮಂದಿಗೆ. ಬೈಪಾಸ್ ಆಪರೇಷನ್ ಸಿರಿವಂತರಲ್ಲಿ ನೂರಕ್ಕೆ ಏಳೂವರೆ, ಬಡವರಲ್ಲಿ ಒಂದೂ ಪೂರ್ತಿ ಇಲ್ಲ. ಅದು ದೊಡ್ಡ ಖರ್ಚಿನ ಬಾಬ್ತು, ಬಿಡಿ. ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯ ಗತಿ ಏನು? ಸಿರಿವಂತರಲ್ಲಿ ನೂರಕ್ಕೆ 61 ಮಂದಿಗೆ, ಬಡವರಲ್ಲಿ 36 ಮಂದಿಗೆ. ಮಾತ್ರೆಯಲ್ಲೂ ಜಾತಿ!

ಎದೆನೋವು ಶುರುವಾದ ಮೇಲೆ ಆಸ್ಪತ್ರೆ ಬಾಗಿಲಿಗೆ ಬರಲು ಹಿಡಿದ ಹೊತ್ತನ್ನೂ ಬರೆದಿದ್ದರು. ಸಾಲಾಗಿ ನಿಲ್ಲಿಸಿದರೆ ಮಧ್ಯದವನಿಗೆ 360 ನಿಮಿಷ. ಆರು ಗಂಟೆ! ಡಾಕ್ಟರುಗಳು ಮೊದಲ ಒಂದು ಗಂಟೆಯನ್ನು ಚಿನ್ನದ ಗಂಟೆ ಎನ್ನುತ್ತಾರೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡಿರುತ್ತದೆ, ಪ್ರತಿ ನಿಮಿಷಕ್ಕೂ ಒಂದಿಷ್ಟು ಮಾಂಸಖಂಡ ಸಾಯುತ್ತಿರುತ್ತದೆ, ಸತ್ತದ್ದು ಮತ್ತೆ ಬರುವುದಿಲ್ಲ.

ಆ ಆರು ಗಂಟೆ ಎಲ್ಲಿ ಹೋಗುತ್ತದೆ ಎಂಬುದನ್ನು ಯಾವ ಪ್ರೊಫೆಸರೂ ಹೇಳಬೇಕಾಗಿಲ್ಲ, ಎಲ್ಲರ ಮನೆಯಲ್ಲೂ ನೋಡಿದ್ದೇ. ರಾತ್ರಿ ಹನ್ನೊಂದಕ್ಕೆ ಎದೆ ಹಿಡಿದುಕೊಳ್ಳುತ್ತದೆ. 'ರೀ, ಡಾಕ್ಟ್ರ ಹತ್ರ ಹೋಗೋಣ ನಡೀರಿ' ಎನ್ನುತ್ತಾಳೆ ಹೆಂಡತಿ. 'ಸುಮ್ನಿರೇ, ಗ್ಯಾಸು ಅಷ್ಟೆ, ಮಧ್ಯಾಹ್ನ ಬೋಂಡ ತಿಂದಿದ್ದೆ' ಎನ್ನುತ್ತಾನೆ ಗಂಡ. ಒಂದು ಈನೋ ಆಗುತ್ತದೆ, ಒಂದು ಸೋಡಾ ಆಗುತ್ತದೆ, ಬೆನ್ನಿಗೆ ಅಮೃತಾಂಜನ ಆಗುತ್ತದೆ. ಬೆವರು ನಿಲ್ಲುವುದಿಲ್ಲ. ಗಂಡನಿಗೂ ಒಳಗೊಳಗೇ ಗೊತ್ತಾಗಿರುತ್ತದೆ. ಆದರೆ ನಾಡಿದ್ದು ಚೀಟಿ ಕಟ್ಟಬೇಕು, ಆಸ್ಪತ್ರೆಗೆ ಹೋದರೆ ಅಡ್ವಾನ್ಸ್ ಕಟ್ಟಿ ಎನ್ನುತ್ತಾರೆ. ಬೆಳಗಾಗಲಿ ನೋಡೋಣ ಎಂದು ಮಲಗುತ್ತಾನೆ. ಇದು ಅಜ್ಞಾನ ಎಂದು ಭಾಷಣ ಮಾಡುವವರಿದ್ದಾರೆ. ಅರ್ಧ ಅಜ್ಞಾನ ಇರಬಹುದು, ಇನ್ನರ್ಧ ಲೆಕ್ಕಾಚಾರ.

ತೋಟದ ದಣಿಗಳ ಮನೆಯಲ್ಲಿ ಇದೇ ನೋವು ಬಂದರೆ ಕಾರು ಹೊರಗೇ ನಿಂತಿರುತ್ತದೆ, ಗೊತ್ತಿರುವ ಡಾಕ್ಟರ ನಂಬರು ಫೋನಿನಲ್ಲಿರುತ್ತದೆ. ಅದೇ ತೋಟದ ಲೈನ್ ಮನೆಯ ಆಳಿಗೆ ಬಂದರೆ ಮೊದಲು ರೈಟರನ್ನು ಎಬ್ಬಿಸಬೇಕು, ಆಮೇಲೆ ಜೀಪು, ಆಮೇಲೆ ಘಟ್ಟದ ರಸ್ತೆ, ಆಮೇಲೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ 'ಹಾಸನಕ್ಕೆ ಕರ್ಕೊಂಡೋಗಿ', ಹಾಸನದಿಂದ 'ಮೈಸೂರಿಗೆ ಕರ್ಕೊಂಡೋಗಿ'. ಹಾಸನದಿಂದ ಮೈಸೂರಿಗೇ 120 ಕಿ.ಮೀ. ಇದೆ.

ಸೇಂಟ್ ಜಾನ್ಸ್‌ನವರೂ ಸೇರಿ 17 ದೇಶಗಳಲ್ಲಿ ನಡೆಸಿದ 'ಪ್ಯೂರ್' ಎಂಬ ಇನ್ನೊಂದು ಲೆಕ್ಕ 2014ರಲ್ಲಿ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಕೊಲೆಸ್ಟ್ರಾಲು, ಬೊಜ್ಜು ಮುಂತಾದ ಅಪಾಯದ ಗುಣಗಳ ಮೊತ್ತ ಶ್ರೀಮಂತ ದೇಶಗಳಲ್ಲೇ ಹೆಚ್ಚು. ಕಾಯಿಲೆ ಬಿದ್ದು ಸಾಯುವವರು ಭಾರತದಂಥ ದೇಶಗಳಲ್ಲೇ ಹೆಚ್ಚು. ಹೃದಯಾಘಾತ, ಲಕ್ವದಂಥದ್ದು ಬಂದವರಲ್ಲಿ ಶ್ರೀಮಂತ ದೇಶದಲ್ಲಿ ನೂರಕ್ಕೆ ಆರೇಳು ಮಂದಿ ಸತ್ತರೆ ಬಡ ದೇಶಗಳಲ್ಲಿ 17 ಮಂದಿ. 2019ರಲ್ಲಿ ಅದೇ ಜನ ಓದಿನ ಲೆಕ್ಕ ಹಾಕಿದಾಗ, ಬಡ ದೇಶಗಳಲ್ಲಿ ಹೆಚ್ಚು ಓದಿದವರಿಗಿಂತ ಓದದವರಿಗೆ ಈ ಕಾಯಿಲೆಗಳು ಎರಡು ಪಟ್ಟಿಗೂ ಹೆಚ್ಚು ಬರುತ್ತಿದ್ದವು. ಇನ್ನೂ ಒಂದು ವಿಚಿತ್ರ: ಓದದವರ ಅಪಾಯದ ಗುಣಗಳೇನೂ ಓದಿದವರಿಗಿಂತ ಕೆಟ್ಟದಾಗಿರಲಿಲ್ಲ.

'ತರಕಾರಿ ಹಣ್ಣು ತಿನ್ನಿ' ಎಂದು ಗೋಡೆ ಮೇಲೆ ಬರೆಸುವುದು ಸುಲಭ. ಬಡ ದೇಶಗಳಲ್ಲಿ ಒಬ್ಬರಿಗೆ ದಿನಕ್ಕೆ ಬೇಕಾದಷ್ಟು ಹಣ್ಣು–ತರಕಾರಿ ಕೊಳ್ಳಲು ಮನೆ ಆದಾಯದ ಅರ್ಧದಷ್ಟು ಬೇಕಾಗುತ್ತದೆ ಎಂದು ಇದೇ ಪ್ಯೂರ್‌ನವರು 2016ರಲ್ಲಿ ಹೇಳಿದರು. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೇಬಿನ ರೇಟು ಕೇಳಿ ಮುಂದೆ ಹೋದವರಿಗೆ ಇದನ್ನು ಇಂಗ್ಲಿಷ್ ಪತ್ರಿಕೆ ಓದಿ ತಿಳಿಯಬೇಕಾದ್ದಿಲ್ಲ.

1971ರಲ್ಲೇ ವೇಲ್ಸ್‌ನ ಗಣಿ ಕಾರ್ಮಿಕರ ಊರಿನಲ್ಲಿದ್ದ ಡಾ. ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬವರು (ಹೆಸರಲ್ಲೇ ಹಾರ್ಟು!) ಇದಕ್ಕೆ ಒಂದು ನಿಯಮವನ್ನೇ ಬರೆದಿದ್ದರು: ಒಳ್ಳೆಯ ವೈದ್ಯ ಸೌಕರ್ಯ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ.

ಕಾರ್ಡು ಇಲ್ಲದ ಮಧ್ಯದವರು

ಎಲ್ಲ ಕತ್ತಲೆಯೇ ಎಂದೂ ಅಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಕಡಿವಾಣ ಹಾಕಿತು. ಅಲ್ಲಿವರೆಗೆ ಲಕ್ಷದ ಮಾತಾಡುತ್ತಿದ್ದ ಔಷಧಿ ಲೇಪದ ಸ್ಟೆಂಟಿಗೆ ಅಂದು ನಿಗದಿಯಾದ ಗರಿಷ್ಠ ಬೆಲೆ 29,600 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘದ ರೈತರಿಗೆ 2003ರಲ್ಲಿ ಬಂದು ನಡುವೆ ನಿಂತುಹೋಗಿದ್ದ ಯಶಸ್ವಿನಿ ಮತ್ತೆ ಶುರುವಾಗಿದೆ.

ಸಿಕ್ಕಿಹಾಕಿಕೊಂಡವರು ಮಧ್ಯದವರು. ಬಿ.ಎಂ. ರಸ್ತೆಯಲ್ಲಿ ಹತ್ತಡಿ ಅಂಗಡಿ ಇದೆ ಎಂದ ಮಾತ್ರಕ್ಕೆ ಸಾಹುಕಾರ ಆಗುವುದಿಲ್ಲ. ಬಾಡಿಗೆ ಕೊಟ್ಟು, ಜಿಎಸ್‌ಟಿ ಕಟ್ಟಿ, ಹುಡುಗನಿಗೆ ಸಂಬಳ ಕೊಟ್ಟು, ಉದ್ರಿ ಬರೆದ ಮೇಲೆ ಎಷ್ಟು ಉಳಿಯುತ್ತದೆ ಎಂಬುದು ಗಲ್ಲಾಕ್ಕೇ ಗೊತ್ತು. ಇವರಿಗೆ ಬಿಪಿಎಲ್ ಇಲ್ಲ, ಕಾರ್ಖಾನೆಯವರ ಹಾಗೆ ಇಎಸ್‌ಐ ಇಲ್ಲ, ಸರ್ಕಾರಿ ನೌಕರರ ಹಾಗೆ ಮರುಪಾವತಿ ಇಲ್ಲ. ಎಪಿಎಲ್ ಕಾರ್ಡಿಗೆ ಯೋಜನೆಯ ದರದ ಶೇ. 30ರಷ್ಟು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಉಳಿದದ್ದು ಹೆಂಡತಿಯ ಓಲೆ, ಬಳೆ. ಒಂದು ವಾರ ಶಟರ್ ಎಳೆದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದ ಎಂಬ ಭಯ ಬೇರೆ. ಹೀಗಾಗಿ ಬಿ.ಪಿ. ನೋಡಿಸಲಿಕ್ಕೂ ಪುರುಸೊತ್ತಿಲ್ಲ.

ಬಿ.ಪಿ., ಸಕ್ಕರೆ ಎರಡೂ ನೋವು ಕೊಡುವ ಕಾಯಿಲೆಗಳಲ್ಲ, ಅದೇ ಅವುಗಳ ಕುತಂತ್ರ. ಎರಡನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ಮಾತ್ರೆಯೂ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಜನೌಷಧಿ ಮಳಿಗೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ಸಲ ಅಟ್ಯಾಕ್ ಆಗಿ ಉಳಿದವರು ಮಾತ್ರೆ ಬಿಡುವುದು ಇನ್ನೂ ದೊಡ್ಡ ತಪ್ಪು. ಭಾರತದಂಥ ದೇಶಗಳಲ್ಲಿ ಹೃದಯದ ಕಾಯಿಲೆ ಅಥವಾ ಲಕ್ವ ಬಂದು ಉಳಿದವರಲ್ಲಿ ನೂರಕ್ಕೆ 80 ಮಂದಿ ಬೇಕಾದ ನಾಲ್ಕು ಬಗೆಯ ಮಾತ್ರೆಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ ಎಂದು 2011ರ ಲೆಕ್ಕ ಹೇಳುತ್ತದೆ. ಶ್ರೀಮಂತ ದೇಶಗಳಲ್ಲಿ ಅಂಥವರು ನೂರಕ್ಕೆ 11.

ತಾಲ್ಲೂಕಿನಲ್ಲೇ ಸಿಗುವ ಇಂಜೆಕ್ಷನ್ನು

46ನೇ ವಯಸ್ಸಿಗೆ, 2021ರ ಅಕ್ಟೋಬರ್ 29ರಂದು, ಪುನೀತ್ ರಾಜ್‌ಕುಮಾರ್ ಹೋದಾಗ ಇಡೀ ನಾಡೇ ಎದೆ ಮುಟ್ಟಿ ನೋಡಿಕೊಂಡಿತು. ಅವರಿಗೆ ಹಣದ ಕೊರತೆ ಇರಲಿಲ್ಲ, ವ್ಯಾಯಾಮದ ಕೊರತೆಯಂತೂ ಮೊದಲೇ ಇರಲಿಲ್ಲ. ಸಿರಿತನ ಇದ್ದರೆ ಕಾಯಿಲೆ ಬರುವುದೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ, ಬರುವ ಸಾಧ್ಯತೆಯ ಮಾತು ಇದು. ಇರಲಿ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2024ರಲ್ಲಿ ಹೃದಯ ಜ್ಯೋತಿ ಯೋಜನೆ ಶುರುಮಾಡಿತು.

ಯೋಜನೆ ಒಳ್ಳೆಯದು, ಬಡವರಿಗೆ ನೇರವಾಗಿ ಮುಟ್ಟುವಂಥದ್ದು. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಹೋದರೆ ಅಲ್ಲಿ ಇಸಿಜಿ ತೆಗೆಯಬೇಕು. ಅದು ಕೂಡಲೇ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗಬೇಕು. ಅವರು ಅಟ್ಯಾಕ್ ಹೌದು ಎಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಅಲ್ಲೇ ಕೊಡಬೇಕು. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಇಂಜೆಕ್ಷನ್, ಇಲ್ಲಿ ಪುಕ್ಕಟೆ. ಆಮೇಲೆ ಮೈಸೂರಿಗೋ ಬೆಂಗಳೂರಿಗೋ ಆಂಬುಲೆನ್ಸಿನಲ್ಲಿ ಹೋದರಾಯಿತು, ಜೀವ ಕೈಯಲ್ಲಿರುತ್ತದೆ. ಹಾಸನದ ಗದ್ದಲ ಆದ ಮೇಲೆ ಇದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗೂ ಕೊಡುತ್ತೇವೆ ಎಂದು ಸರ್ಕಾರ ಹೇಳಿತು.

ಎದೆಯ ನಡುವೆ ಭಾರ ಇಟ್ಟಂತೆ ಒತ್ತಿದರೆ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ತಣ್ಣನೆ ಬೆವರು ಬಂದರೆ, ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ಬರೀ ಸುಸ್ತು, ಉಸಿರುಗಟ್ಟುವಿಕೆ, ವಾಕರಿಕೆ ಮಾತ್ರ ಕಾಣಿಸಿದರೂ ಸರಿ, ಈನೋ ಹುಡುಕುತ್ತಾ ಕೂರದೆ 108ಕ್ಕೆ ಫೋನ್ ಮಾಡಬೇಕು. ಸ್ವಂತ ಬೈಕು ಓಡಿಸಿಕೊಂಡು ಹೋಗಬಾರದು. ಇಸಿಜಿ ಇಲ್ಲದ ಕ್ಲಿನಿಕ್ಕಿನ ಮುಂದೆ ಟೋಕನ್ ಹಿಡಿದು ಕೂರಲೂಬಾರದು. ಗ್ಯಾಸೇ ಆಗಿದ್ದರೆ ವಾಪಸು ಬರಬಹುದು, ಯಾರೂ ನಗುವುದಿಲ್ಲ.

ಇಷ್ಟೆಲ್ಲ ಜನ ಮಾಡಿದರೂ ಉಳಿದದ್ದು ಇಲಾಖೆಯ ಕೈಯಲ್ಲಿದೆ. ಅರಕಲಗೂಡಿನಲ್ಲೋ ಆಲೂರಿನಲ್ಲೋ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಹೋದವನಿಗೆ ಇಸಿಜಿ ತೆಗೆಯಲು ಆ ಹೊತ್ತಿನಲ್ಲಿ ಯಾರು ಇರುತ್ತಾರೆ, ಯಂತ್ರಕ್ಕೆ ಕಾಗದ ಇರುತ್ತದೆಯೇ, ಆ ಇಂಜೆಕ್ಷನ್ ಎಷ್ಟು ದಾಸ್ತಾನಿದೆ, ಇದುವರೆಗೆ ಎಷ್ಟು ಜನಕ್ಕೆ ಕೊಟ್ಟಿದ್ದಾರೆ, ಅವರಲ್ಲಿ ಎಷ್ಟು ಜನ ಬದುಕಿದರು? ಜಿಲ್ಲೆಯ ಒಂದೊಂದು ತಾಲ್ಲೂಕಿನದೂ ಬೇರೆ ಬೇರೆಯಾಗಿ ಬರೆದು, ತಿಂಗಳಿಗೊಮ್ಮೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿ ಮುಂದೆಯೂ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರ್ ಪಕ್ಕದಲ್ಲೂ ಬೋರ್ಡು ಹಾಕಿಸಲಿ. ಬಸ್ಸಿಗೆ ಕಾಯುವವರು ಓದಿಕೊಳ್ಳುತ್ತಾರೆ.